ಮಹಾಪ್ರಬಂಧದ ಕರಡನ್ನು ಯಾರಿಗೆ, ಯಾವಾಗ, ಹೇಗೆ ತೋರಿಸಬೇಕು

ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಗಡುವು ಹತ್ತಿರವಾದಾಗ ಸಂಶೋಧನಾರ್ಥಿಗಳು ಡಿಟಿಪಿ ಅಂಗಡಿಯಲ್ಲಿ ಆಪರೇಟರ್ ಪಕ್ಕದಲ್ಲಿ ಕುಳಿತು ರಾತ್ರಿಯವರೆಗೆ ಪುಟ ತಿದ್ದಿಸುವುದನ್ನು ಧಾರವಾಡದಲ್ಲಿ ಓದಿದವರೆಲ್ಲ ನೋಡಿರುತ್ತಾರೆ. ಕಾಗುಣಿತ ನೋಡಿಕೊಡುವವರು ಯಾರು, ಇಂಗ್ಲಿಷ್ ಸರಿಪಡಿಸುವವರು ಯಾರು, ಪ್ರಬಂಧದ ಎಷ್ಟು ಭಾಗ ಬೇರೆ ಬರಹಗಳನ್ನು ಹೋಲುತ್ತದೆಂದು ತಂತ್ರಾಂಶ ಕೊಡುವ ಹೋಲಿಕೆ ವರದಿಯ ಶೇಕಡಾವಾರು ಇಳಿಸುವುದು ಹೇಗೆ ಎಂಬ ವಿಚಾರಣೆ ಶುರುವಾಗುವುದೂ ಆಗಲೇ. ಅಷ್ಟು ಹೊತ್ತಿಗೆ ಅಧ್ಯಾಯಗಳ ಕ್ರಮ, ವಾದದ ದಾರಿ, ಆಕರಗಳ ಆಯ್ಕೆ ಎಲ್ಲವೂ ನಿಶ್ಚಯವಾಗಿಬಿಟ್ಟಿರುವುದರಿಂದ ಯಾರು ಎಷ್ಟು ತಿದ್ದಿದರೂ ವಾಕ್ಯ ನೇರವಾದೀತೇ ಹೊರತು ಪ್ರಬಂಧ ನೇರವಾಗುವುದಿಲ್ಲ. ಬರವಣಿಗೆಗೆ ನೆರವು ನಿಜವಾಗಿ ಬೇಕಾಗುವುದು ಮೊದಲ ಹತ್ತು ಪುಟಗಳು ಇನ್ನೂ ಒರಟಾಗಿ ಕೈಯಲ್ಲಿರುವಾಗ. ಆ ಪುಟಗಳನ್ನು ತೋರಿಸಲು ನಾಚಿಕೊಳ್ಳುವ ಕಾರಣಕ್ಕೇ ಬಹುಪಾಲು ಜನ ಆ ನೆರವನ್ನು ಕಳೆದುಕೊಳ್ಳುತ್ತಾರೆ.

ನಿಯಮಗಳು ಈ ವಿಷಯದಲ್ಲಿ ವಿದ್ಯಾರ್ಥಿಯ ಪರವಾಗಿಯೇ ಇವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ 3 ವರ್ಷ, ಪ್ರವೇಶದ ದಿನದಿಂದ ಗರಿಷ್ಠ 6 ವರ್ಷ. ಪ್ರತಿ ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಲೇಬೇಕು. ಈ ಮಂಡನೆಯನ್ನು ಹಲವರು ಹಾಜರಿ ಹಾಕಿದಂತೆ ಮುಗಿಸುತ್ತಾರೆ. ಹತ್ತು ಸ್ಲೈಡ್ ತೋರಿಸಿ, ‘ಪೂರ್ವಾಧ್ಯಯನ ಸಮೀಕ್ಷೆ ಪ್ರಗತಿಯಲ್ಲಿದೆ’ ಎಂದು ಹೇಳಿ, ಸಹಿ ಪಡೆದು ಹೊರಬರುತ್ತಾರೆ. ಅದರ ಬದಲು ಸಭೆಗೆ ಒಂದು ವಾರ ಮೊದಲು ಎಂಟು ಪುಟಗಳ ಬರಹವನ್ನು ಸದಸ್ಯರಿಗೆ ಕಳುಹಿಸಿ, ಸಭೆಯಲ್ಲಿ ಆ ಪುಟಗಳ ಮೇಲೆಯೇ ಚರ್ಚೆಯಾಗುವಂತೆ ನೋಡಿಕೊಂಡರೆ, ಅವಧಿ ಮುಗಿಯುವುದರೊಳಗೆ ಕನಿಷ್ಠ ಐದಾರು ಬಾರಿ ಹಿರಿಯ ಓದುಗರಿಂದ ತಿದ್ದಿಸಿಕೊಂಡಂತಾಗುತ್ತದೆ. ಕೋರ್ಸ್‌ವರ್ಕಿನಲ್ಲಿ ಸಂಶೋಧನಾ ವಿಧಾನವನ್ನೂ ಪ್ರಕಟಣೆಯ ನೈತಿಕತೆಯನ್ನೂ ಕಲಿಸುತ್ತಾರೆ. ಒಂದು ಪುಟವನ್ನು ನಾಲ್ಕು ಸಲ ತಿದ್ದಿ ಬರೆಯುವ ಅಭ್ಯಾಸ ಮಾತ್ರ ಅಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ತೋರಿಸುವ ಮುನ್ನ

ಮಾರ್ಗದರ್ಶಕರ ಕೊಠಡಿಗೆ ಅರವತ್ತು ಪುಟಗಳ ಕಟ್ಟು ಹೊತ್ತೊಯ್ದು, ‘ಸರ್, ಒಂದೀಟು ನೋಡ್ರಿ’ ಎಂದು ಇಟ್ಟುಬಂದರೆ ಹದಿನೈದು ದಿನಗಳ ಮೇಲೆ ಬರುವ ಉತ್ತರ, ‘ಛಲೋ ಐತಿ, ಮುಂದುವರಸ್ರಿ.’ ಇದರಲ್ಲಿ ಮಾರ್ಗದರ್ಶಕರ ಉದಾಸೀನವನ್ನೇ ಕಾಣುವುದು ಅನ್ಯಾಯ. ತರಗತಿ, ಮೌಲ್ಯಮಾಪನ, ಸಮಿತಿ, ಜತೆಗೆ ಇನ್ನೂ ನಾಲ್ಕಾರು ಸಂಶೋಧನಾರ್ಥಿಗಳು ಇರುವವರಿಗೆ ಅರವತ್ತು ಪುಟಗಳಲ್ಲಿ ಎಲ್ಲಿ ನೋಡಬೇಕೆಂಬುದನ್ನು ನಾವು ಹೇಳಿರುವುದೇ ಇಲ್ಲ.

ಆದ್ದರಿಂದ ಒಮ್ಮೆಗೆ ಆರೇಳು ಪುಟಗಳಿಗಿಂತ ಹೆಚ್ಚು ಕೊಡಬಾರದು. ಮೇಲೆ ಅರ್ಧ ಪುಟದ ಟಿಪ್ಪಣಿ ಇರಬೇಕು. ಅದರಲ್ಲಿ ಈ ಭಾಗ ಯಾವ ಅಧ್ಯಾಯದ್ದು, ಇಲ್ಲಿ ನಾನು ಸಾಧಿಸಹೊರಟ ಮಾತು ಯಾವುದು ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದು, ಕೊನೆಗೆ ಒಂದೋ ಎರಡೋ ಪ್ರಶ್ನೆ ಕೇಳಬೇಕು. ‘ಹೇಗಿದೆ?’ ಎಂಬುದು ಪ್ರಶ್ನೆಯಲ್ಲ. ‘ಮೂರನೆಯ ಪುಟದಲ್ಲಿ ಎರಡು ತಾಲೂಕುಗಳನ್ನು ಹೋಲಿಸಿದ್ದೇನೆ, ಒಂದು ನೀರಾವರಿ ಪ್ರದೇಶ, ಇನ್ನೊಂದು ಮಳೆಯಾಶ್ರಿತ ಪ್ರದೇಶವಾಗಿರುವಾಗ ಈ ಹೋಲಿಕೆ ನಿಲ್ಲುತ್ತದೆಯೇ?’ ಎಂಬುದು ಪ್ರಶ್ನೆ. ಇಂಥ ಪ್ರಶ್ನೆಗೆ ಎಷ್ಟೇ ಕೆಲಸವಿರುವ ಮಾರ್ಗದರ್ಶಕರೂ ಹತ್ತು ನಿಮಿಷದಲ್ಲಿ ಉತ್ತರಿಸಬಲ್ಲರು, ಮತ್ತು ಆ ಉತ್ತರ ಅಧ್ಯಾಯದ ದಿಕ್ಕನ್ನೇ ಬದಲಿಸಬಲ್ಲದು.

ಟಿಪ್ಪಣಿಯ ಆ ಎರಡು ವಾಕ್ಯಗಳನ್ನು ಬರೆಯಲಾಗದಿದ್ದರೆ ದೋಷ ಬಹುತೇಕ ಶೀರ್ಷಿಕೆಯಲ್ಲೇ ಇರುತ್ತದೆ. ‘ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್: ಒಂದು ಅಧ್ಯಯನ’ ಎಂಬ ಶೀರ್ಷಿಕೆಯಲ್ಲಿ ವಿಷಯವಿದೆ, ಪ್ರಶ್ನೆಯಿಲ್ಲ, ಅದರ ಕೆಳಗೆ ಏನನ್ನಾದರೂ ತುಂಬಬಹುದು, ತುಂಬಿದ್ದೆಲ್ಲವೂ ಸಂಬಂಧಪಟ್ಟದ್ದೆಂದೇ ತೋರುತ್ತದೆ. ಪ್ರತ್ಯೇಕ ಪಥದಲ್ಲಿ ಓಡುವ ಈ ತ್ವರಿತ ಬಸ್ ವ್ಯವಸ್ಥೆಯ ‘ಚಿಗರಿ’ ಬಸ್ಸುಗಳ ಓಡಾಟ 2018ರಲ್ಲಿ ಆರಂಭವಾದ ಮೇಲೆ ಎರಡು ನಗರಗಳ ನಡುವೆ ನಿತ್ಯ ಕೆಲಸಕ್ಕೆ ಓಡಾಡುವ ಮಹಿಳೆಯರ ಪ್ರಯಾಣದ ಸಮಯ ಮತ್ತು ಖರ್ಚಿನಲ್ಲಿ ಆದ ಬದಲಾವಣೆ ಏನು ಎಂದು ಕೇಳಿಕೊಂಡ ಕೂಡಲೇ ಯಾವ ಅಂಕಿಅಂಶ ಬೇಕು, ಯಾರನ್ನು ಮಾತನಾಡಿಸಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿ ನಿರ್ಧಾರವಾಗುತ್ತದೆ.

ಒಂದು ಪ್ಯಾರಾವನ್ನು ಓದುವ ಬಗೆ

ಕರಡು ಓದುವುದೆಂದರೆ ಏನೆಂಬುದಕ್ಕೆ ಒಂದು ಮಾದರಿಯನ್ನು ನೋಡೋಣ. ಹಾವೇರಿ ಜಿಲ್ಲೆಯ ಕೃಷಿ ಮಾರುಕಟ್ಟೆಯ ಮೇಲೆ ಬರೆಯುವವರೊಬ್ಬರು ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದಾರೆಂದು ಇಟ್ಟುಕೊಳ್ಳಿ:

‘ಬ್ಯಾಡಗಿ ಮೆಣಸಿನಕಾಯಿಯು ವಿಶ್ವವಿಖ್ಯಾತವಾಗಿದ್ದು, ಅನಾದಿ ಕಾಲದಿಂದಲೂ ಈ ಭಾಗದ ರೈತರ ಜೀವನಾಡಿಯಾಗಿರುವುದನ್ನು ಕಾಣಬಹುದಾಗಿದೆ. ಆದರೆ ಇಂದು ರೈತರು ಹಲವಾರು ಸಮಸ್ಯೆಗಳನ್ನು ಎದುರಿಸುತ್ತಿರುವುದು ಕಂಡುಬರುತ್ತದೆ.’

ವ್ಯಾಕರಣದ ತಪ್ಪು ಇಲ್ಲಿ ಒಂದೂ ಇಲ್ಲ. ಕಾಗುಣಿತ ನೋಡುವವರ ಕೈಗೆ ಕೊಟ್ಟರೆ ಹಾಗೆಯೇ ಹಿಂತಿರುಗಿ ಬರುತ್ತದೆ. ಆದರೆ ಎಚ್ಚರದ ಓದುಗ ಪ್ರತಿ ಪದಕ್ಕೂ ಲೆಕ್ಕ ಕೇಳುತ್ತಾನೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದದ್ದು. ಹಾಗಿರುವಾಗ ಅನಾದಿ ಕಾಲ ಎಲ್ಲಿಂದ ಬಂತು? ‘ಈ ಭಾಗದ ರೈತರು’ ಯಾರು? ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರಪ್ರದೇಶದ ಕಡೆಯಿಂದಲೂ ಕಾಯಿ ಬರುತ್ತದೆಯಲ್ಲ, ಅವರೂ ಸೇರಿದರೇ? ‘ಹಲವಾರು ಸಮಸ್ಯೆ’ಗಳಲ್ಲಿ ಈ ಅಧ್ಯಾಯ ಹಿಡಿದುಕೊಂಡಿರುವುದು ಯಾವುದನ್ನು? ಕಂಡುಬಂದದ್ದು ಯಾರಿಗೆ, ಯಾವ ಕ್ಷೇತ್ರಕಾರ್ಯದಲ್ಲಿ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ ಮತ್ತೆ ಬರೆದರೆ ಪ್ಯಾರಾ ಹೀಗಾಗಬಹುದು: ‘ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮಾರಾಟವಾಗುವ ಕಾಯಿಯಲ್ಲಿ ಹೊರ ಜಿಲ್ಲೆ ಹಾಗೂ ಹೊರ ರಾಜ್ಯದ ಬೆಳೆಯೂ ಸೇರಿರುತ್ತದೆ. ಮಾನ್ಯತೆಯ ನಂತರದ ಬೆಲೆಯಲ್ಲಿ ಹಾವೇರಿ ಜಿಲ್ಲೆಯ ಬೆಳೆಗಾರರಿಗೆ ದಕ್ಕಿದ ಪಾಲೆಷ್ಟು ಎಂಬುದನ್ನು ಈ ಅಧ್ಯಾಯ ಪರಿಶೀಲಿಸುತ್ತದೆ.’ ವಿಶೇಷಣಗಳು ಬಿದ್ದುಹೋದವು, ವಾದ ಉಳಿಯಿತು. ಇನ್ನು ಮುಂದಿನ ಇಪ್ಪತ್ತು ಪುಟಗಳು ಏನನ್ನು ತೋರಿಸಬೇಕೆಂಬುದು ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು.

ಇದೇ ಅಧ್ಯಾಯದಲ್ಲಿ ಇನ್ನೊಂದು ಅಪಾಯ ಕೋಷ್ಟಕದೊಳಗೆ ಅಡಗಿರುತ್ತದೆ. ಗದಗ ಮತ್ತು ಹಾವೇರಿ ಜಿಲ್ಲೆಗಳು ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. 1991ರ ಜನಗಣತಿಯ ‘ಧಾರವಾಡ ಜಿಲ್ಲೆ’ಯಲ್ಲಿ ಮೂರೂ ಸೇರಿವೆ, 2001ರ ‘ಧಾರವಾಡ ಜಿಲ್ಲೆ’ ಅದರ ಒಂದು ತುಂಡು ಮಾತ್ರ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ‘ಸಾಗುವಳಿ ಕ್ಷೇತ್ರ ತೀವ್ರವಾಗಿ ಕುಸಿದಿದೆ’ ಎಂದು ಬರೆದರೆ ಕುಸಿದದ್ದು ಕ್ಷೇತ್ರವಲ್ಲ, ಗಡಿ. ತಾಲೂಕುವಾರು ಅಂಕಿಗಳನ್ನು ತೆಗೆದು ಇಂದಿನ ಗಡಿಗೆ ಕೂಡಿಸಿಕೊಳ್ಳಬೇಕು. ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟಿಹಳ್ಳಿ, ಅಣ್ಣಿಗೇರಿ, ಅಳ್ನಾವರಗಳು ತೀರ ಈಚೆಗೆ ತಾಲೂಕುಗಳಾದವು ಎಂಬುದನ್ನೂ ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಥ ತಪ್ಪನ್ನು ಯಾವ ತಂತ್ರಾಂಶವೂ ಹಿಡಿದುಕೊಡುವುದಿಲ್ಲ, ಈ ಸೀಮೆಯ ಓದುಗರೊಬ್ಬರು ಒಂದು ನಿಮಿಷದಲ್ಲಿ ಹಿಡಿಯುತ್ತಾರೆ.

ಓದುವ ಬಳಗ

ಮಾರ್ಗದರ್ಶಕರೊಬ್ಬರಿಂದಲೇ ಎಲ್ಲ ನೆರವನ್ನೂ ನಿರೀಕ್ಷಿಸುವುದು ಸರಿಯಲ್ಲ. ವಾದ ಮತ್ತು ವಿಧಾನದ ಪ್ರಶ್ನೆಗಳು ಅವರಿಗೆ. ಬರಹ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ ಸಹಪಾಠಿಗಳಿಗೆ. ನಾಲ್ಕೈದು ಸಂಶೋಧನಾರ್ಥಿಗಳು ಸೇರಿ ಹದಿನೈದು ದಿನಕ್ಕೊಮ್ಮೆ ವಿಭಾಗದ ಸೆಮಿನಾರ್ ಕೊಠಡಿಯಲ್ಲೋ ಗ್ರಂಥಾಲಯದ ಹೊರಗಿನ ಕಟ್ಟೆಯ ಮೇಲೋ ಕುಳಿತರೆ ಸಾಕು. ಎಲ್ಲರೂ ಒಂದೇ ವಿಷಯದವರಾಗಿರದಿದ್ದರೆ ಇನ್ನೂ ಒಳ್ಳೆಯದು. ಇತಿಹಾಸದವರಿಗೆ ‘ಅದೆಲ್ಲರಿಗೂ ಗೊತ್ತಿರುವುದೇ’ ಎನ್ನಿಸಿದ ಮಾತು ಅರ್ಥಶಾಸ್ತ್ರದವರಿಗೆ ಗೊತ್ತಿರುವುದಿಲ್ಲ, ಮತ್ತು ಹೊರಗಿನ ಪರೀಕ್ಷಕರಿಗೂ ಗೊತ್ತಿರಬೇಕೆಂದಿಲ್ಲ. ಗದಗ, ರಾಣೆಬೆನ್ನೂರಿನ ಕಡೆಯ ಕಾಲೇಜುಗಳಲ್ಲಿ ಪಾಠ ಮಾಡುತ್ತ ಅರೆಕಾಲಿಕವಾಗಿ ಸಂಶೋಧನೆ ನಡೆಸುವವರು ವಿಡಿಯೊ ಕರೆಯಲ್ಲಿ ಸೇರಿಕೊಳ್ಳಬಹುದು. ಪುಟಗಳು ಮಾತ್ರ ಎರಡು ದಿನ ಮೊದಲೇ ಎಲ್ಲರ ಕೈಸೇರಿರಬೇಕು.

ಒಂದು ಸಲಕ್ಕೆ ಒಬ್ಬರ ಬರಹ. ಮೊದಲ ಇಪ್ಪತ್ತು ನಿಮಿಷ ಬರೆದವರು ಬಾಯಿ ತೆರೆಯಬಾರದು; ಇದು ಕಷ್ಟದ ನಿಯಮ, ಆದರೆ ಇದನ್ನು ಬಿಟ್ಟರೆ ಬಳಗ ಎರಡೇ ಸಭೆಯಲ್ಲಿ ಹರಟೆಯಾಗುತ್ತದೆ. ಓದಿದವರು ತಿದ್ದುಪಡಿಯನ್ನು ಹೇಳುವ ಮೊದಲು ತಮಗೆ ಅರ್ಥವಾದ ವಾದವನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಮೂವರು ಮೂರು ಬೇರೆ ಬೇರೆ ವಾದಗಳನ್ನು ಹೇಳಿದರೆ ದೋಷ ಓದಿದವರದ್ದಲ್ಲ. ಆಮೇಲೆ ಎಲ್ಲಿ ಓದು ನಿಂತಿತು, ಎಲ್ಲಿ ಎರಡು ಸಲ ಓದಬೇಕಾಯಿತು, ಯಾವ ಮಾತಿಗೆ ಆಕರ ಸಿಗಲಿಲ್ಲ ಎಂಬುದನ್ನು ಪುಟದ ಅಂಚಿನಲ್ಲಿ ಗುರುತು ಹಾಕಿದಂತೆಯೇ ಹೇಳಬೇಕು. ಹೊಗಳಿಕೆಗೂ ಜಾಗವಿರಲಿ, ಆದರೆ ಚಹಾ ಕುಡಿಯುವಾಗ.

ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದವರಿಗೆ ಈ ಬಳಗದ ಉಪಯೋಗ ಇನ್ನೂ ಹೆಚ್ಚು. ಕನ್ನಡ ಮಾಧ್ಯಮದಿಂದ ಬಂದವರ ಇಂಗ್ಲಿಷ್ ಕರಡು ತೊಡಕಾಗಿರುವಾಗ ಅದನ್ನು ಭಾಷೆಯ ತೊಂದರೆಯೆಂದೇ ಎಲ್ಲರೂ ತಿಳಿಯುತ್ತಾರೆ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ವಿಚಾರವೇ ಇನ್ನೂ ಬಿಡಿಸಿಕೊಂಡಿರುವುದಿಲ್ಲ. ಅಂಥ ಪ್ಯಾರಾವನ್ನು ಬದಿಗಿಟ್ಟು, ಹೇಳಬೇಕಾದದ್ದನ್ನು ಗೆಳೆಯರಿಗೆ ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಅದರ ಮೂರು ಮುಖ್ಯ ವಾಕ್ಯಗಳನ್ನು ಬರೆದುಕೊಂಡ ಮೇಲೆ ಇಂಗ್ಲಿಷಿಗೆ ಕೈಹಚ್ಚಬೇಕು. ಕನ್ನಡದಲ್ಲೂ ಆ ಮಾತು ಹೊರಡದಿದ್ದರೆ ಇಂಗ್ಲಿಷ್ ಬಲ್ಲವರು ತಿದ್ದಿ ಉಪಯೋಗವಿಲ್ಲ. ಕನ್ನಡದಲ್ಲೇ ಬರೆಯುವವರ ರೋಗ ಬೇರೆ: ‘ಎಂದು ಹೇಳಬಹುದಾಗಿದೆ’, ‘ಎಂಬುದು ವಿದಿತವಾಗುತ್ತದೆ’ ಎಂಬ ಬಾಲಗಳು. ಹೇಳುವುದಿದ್ದರೆ ಹೇಳಬೇಕು, ಅನುಮಾನವಿದ್ದರೆ ಅನುಮಾನಕ್ಕೆ ಕಾರಣ ಕೊಡಬೇಕು.

ಆಕರ, ಹೋಲಿಕೆ ವರದಿ, ಅಕ್ಷರ ವಿನ್ಯಾಸ

ಕರಡು ತೋರಿಸುವಾಗ ಆಕರಗಳೂ ಅದರಲ್ಲೇ ಇರಬೇಕು. ‘ಆಮೇಲೆ ಅಡಿಟಿಪ್ಪಣಿ ಸೇರಿಸುತ್ತೇನೆ’ ಎಂದವರಿಗೆ ಆ ಪುಟಸಂಖ್ಯೆ ಮತ್ತೆ ಸಿಕ್ಕುವುದಿಲ್ಲ. ಶಾಸನಗಳ ಮೇಲೆ ಕೆಲಸ ಮಾಡುವವರು ಯಾವುದೋ ಲೇಖನದಲ್ಲಿ ಉಲ್ಲೇಖವಾದ ಲಕ್ಕುಂಡಿಯ ಶಾಸನದ ಸಾಲುಗಳನ್ನು ಹಾಗೆಯೇ ಎತ್ತಿಕೊಳ್ಳದೆ ಮೂಲ ಸಂಪುಟಕ್ಕೆ ಹೋಗಬೇಕು. ಮುಂಬಯಿ-ಕರ್ನಾಟಕದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ಒಂದೇ ವಿಷಯದ ಮೇಲೆ ಮೊದಲೇ ಮಹಾಪ್ರಬಂಧ ಬಂದಿದೆಯೇ ಎಂಬುದನ್ನು ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ, ಸಾರಲೇಖ (ಸಿನಾಪ್ಸಿಸ್) ಬರೆಯುವ ಮುಂಚೆಯೇ ನೋಡಬೇಕು. ಗ್ರಂಥಸೂಚಿಗೆ ಜೊಟೆರೊ ಎಂಬ ಉಚಿತ ತಂತ್ರಾಂಶ ಸಾಕು, ಕನ್ನಡ ಲಿಪಿಯ ನಮೂದುಗಳನ್ನೂ ಅದು ಇಟ್ಟುಕೊಳ್ಳುತ್ತದೆ.

ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ತಂದ ನಿಯಮಗಳ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ 10ನ್ನು ಮೀರಿ 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಪ್ರತಿಯನ್ನು ಸಲ್ಲಿಸಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಸೂಚಿಸಿದ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಲೆಕ್ಕಕ್ಕೆ ಬರುವುದಿಲ್ಲ. ಶೇಕಡಾವಾರು ಇಳಿಸಲು ಪದಕ್ಕೆ ಪರ್ಯಾಯ ಪದ ಹಾಕಿಸುವುದು ಹಣವನ್ನೂ ವಾಕ್ಯವನ್ನೂ ಹಾಳುಮಾಡುವ ದಾರಿ. ಎರವಲು ತಂದ ವಿಚಾರಕ್ಕೆ ಆಕರ ಕೊಡಬೇಕು, ಅಥವಾ ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆದು, ಆಗಲೂ ಆಕರ ಕೊಡಬೇಕು. ಪ್ರಬಂಧ ತನ್ನದೇ ಎಂದು ವಿದ್ಯಾರ್ಥಿ ಸಹಿ ಮಾಡಿಕೊಡಬೇಕಾಗುತ್ತದೆ. ಆದ್ದರಿಂದ ಹಣ ಪಡೆದು ಅಧ್ಯಾಯ ಬರೆದುಕೊಡುವವರನ್ನಾಗಲಿ ಎಐ ಉಪಕರಣವನ್ನಾಗಲಿ ಕರಡು ಓದುವ ಬಳಗದ ಸಾಲಿಗೆ ಸೇರಿಸಲಾಗದು. ‘ಇಲ್ಲಿ ನಿನ್ನ ವಾದ ಜಾರಿತು’ ಎಂದು ತೋರಿಸುವುದು ನೆರವು, ಆ ವಾದವನ್ನು ತಾನೇ ಬರೆದುಕೊಡುವುದು ನೆರವಲ್ಲ.

ಕನ್ನಡ ಪ್ರಬಂಧಗಳಿಗೆ ಸಂಬಂಧಿಸಿದ ಒಂದು ಸಣ್ಣ ತಾಂತ್ರಿಕ ಸಂಗತಿ ದೊಡ್ಡ ತಲೆನೋವಾಗುವುದುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದವು) ಬೆರಳಚ್ಚು ಮಾಡಿದ ಪಠ್ಯವನ್ನು ಕಂಪ್ಯೂಟರ್ ಕನ್ನಡವೆಂದು ಗುರುತಿಸುವುದೇ ಇಲ್ಲ; ಹುಡುಕಿದರೆ ಪದ ಸಿಗದು, ಹೋಲಿಕೆ ತಪಾಸಣೆಯೂ ಸರಿಯಾಗಿ ನಡೆಯದು. ಡಿಟಿಪಿ ಅಂಗಡಿಗೆ ಕೊಡುವ ಮೊದಲ ದಿನವೇ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬೇಕೆಂದು ಹೇಳಬೇಕು. ಹಳೆಯ ಕಡತವನ್ನು ಪರಿವರ್ತಿಸಿದ್ದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪಿರುತ್ತವೆಯಾದ್ದರಿಂದ ಪ್ರತಿ ಪುಟವನ್ನೂ ಮತ್ತೊಮ್ಮೆ ಕಣ್ಣಿಟ್ಟು ಓದಬೇಕು.

ಬಂದ ಸಲಹೆಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೇಳಿದವರು, ಹೇಳಿದ ಮಾತು, ಅದಕ್ಕೆ ನಾನು ಮಾಡಿದ್ದೇನು ಎಂದು ನಾಲ್ಕು ಅಂಕಣ ಹಾಕಿ ಬರೆಯುತ್ತ ಹೋಗಬೇಕು. ಒಪ್ಪದ ಸಲಹೆಯ ಎದುರಿಗೆ ಒಪ್ಪದಿರಲು ಕಾರಣವನ್ನೂ ಬರೆಯಬೇಕು. ಇಬ್ಬರು ಪರಸ್ಪರ ವಿರುದ್ಧವಾಗಿ ಹೇಳಿದ್ದರೆ ಆ ಎರಡೂ ಮಾತುಗಳನ್ನು ಮಾರ್ಗದರ್ಶಕರ ಮುಂದಿಟ್ಟು ತೀರ್ಮಾನ ಕೇಳಬೇಕು. ಮೌಖಿಕ ಪರೀಕ್ಷೆಗೆ ಒಂದು ವಾರವಿರುವಾಗ ಈ ನೋಟ್‌ಬುಕ್ಕನ್ನು ಓದಿಕೊಳ್ಳಬೇಕು, ಏಕೆಂದರೆ ಪರೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟನ್ನು ಯಾರೋ ಒಬ್ಬ ಸಹಪಾಠಿ ಎರಡು ವರ್ಷಗಳ ಹಿಂದೆಯೇ ಕೇಳಿರುತ್ತಾರೆ, ಉತ್ತರವೂ ಅದರ ನಾಲ್ಕನೆಯ ಅಂಕಣದಲ್ಲಿರುತ್ತದೆ.