ಗೋಲ್ ಗುಂಬಜ್‌ನಲ್ಲಿ ಒಂದು ಸುತ್ತು: ದೂರ, ಸ್ಥಾನಪಲ್ಲಟ ಲೆಕ್ಕ ಹಾಕುವುದು ಹೇಗೆ?

ವಿಜಯಪುರದ ಗೋಲ್ ಗುಂಬಜ್ ಹತ್ತಿದವರಿಗೆ ಗೊತ್ತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೂ ಎದುರು ಬದಿಯವರಿಗೆ ಕೇಳಿಸುತ್ತದೆ. ಆದರೆ ಅವರ ಬಳಿಗೆ ಹೋಗಲು ಅರ್ಧ ಸುತ್ತು ನಡೆಯಲೇಬೇಕು, ನಡುವೆ ಇರುವುದು ಬರೀ ಬಯಲು. ಒಂಬತ್ತನೇ ತರಗತಿಯ ಮಕ್ಕಳನ್ನು ಕಾಡುವ ದೂರ, ಸ್ಥಾನಪಲ್ಲಟದ ಗೊಂದಲವನ್ನು ಇಲ್ಲೇ ಬಿಡಿಸೋಣ.

ಮೊದಲು ಚಿತ್ರ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. 5 ಮೀಟರ್‌ಗೆ 1 ಸೆಂ.ಮೀ. ಎಂದು ಹಿಡಿದು, ಕೈವಾರದಿಂದ 3.8 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬಲತುದಿ ಪೂರ್ವ. ಅಲ್ಲಿಂದ ಗೋಡೆ ಹಿಡಿದು ಉತ್ತರದ ಕಡೆಗೆ ನಡಿಗೆ ಶುರು.

ದೂರದ ಲೆಕ್ಕ ಸುಲಭ, ಸವೆಸಿದ ದಾರಿಯೆಲ್ಲ ಸೇರುತ್ತದೆ. ಪರಿಧಿ 3.14 × 38, ಅಂದರೆ ಸುಮಾರು 119 ಮೀಟರ್. ಕಾಲು ಸುತ್ತಿಗೆ 30, ಅರ್ಧಕ್ಕೆ 60, ಮುಕ್ಕಾಲಿಗೆ 89.

ಸ್ಥಾನಪಲ್ಲಟಕ್ಕೆ ದಾರಿಯ ಗೊಡವೆಯೇ ಇಲ್ಲ. ಹೊರಟ ಬಿಂದುವಿನಿಂದ ನಿಂತ ಬಿಂದುವಿಗೆ ನೇರವಾಗಿ ಬಾಣ ಎಳೆದು ಸ್ಕೇಲಿನಿಂದ ಅಳೆಯಿರಿ. ಕಾಲು ಸುತ್ತಿಗೆ 5.4 ಸೆಂ.ಮೀ. ಸಿಗುತ್ತದೆ, ಅಂದರೆ 27 ಮೀಟರ್. ಪೈಥಾಗೊರಸ್ ಪ್ರಮೇಯದಿಂದ ತಾಳೆ ನೋಡಿ: 19² + 19² = 722, ಅದರ ವರ್ಗಮೂಲ 26.9. ಅರ್ಧ ಸುತ್ತಿಗೆ ಇಡೀ ವ್ಯಾಸ, 38 ಮೀಟರ್. ಎಷ್ಟು ಸುತ್ತು ಹಾಕಿದರೂ ಇದಕ್ಕಿಂತ ಹೆಚ್ಚಾಗದು. ಮುಂದೆ ನಡೆದಷ್ಟೂ ಬಾಣ ಕುಗ್ಗಿ, ಸುತ್ತು ಮುಗಿದಾಗ ಸೊನ್ನೆ.

ಮುಕ್ಕಾಲು ಸುತ್ತಿನಲ್ಲಿ ತುಸು ನಿಲ್ಲಿ. ಅಲ್ಲಿಯೂ ಬಾಣದ ಉದ್ದ 27 ಮೀಟರೇ. ಹಾಗಾದರೆ ಕಾಲು ಸುತ್ತಿನ ಸ್ಥಾನಪಲ್ಲಟವೂ ಇದೂ ಒಂದೇ ಏನು? ಅಲ್ಲ. ಮೊದಲ ಬಾಣ ವಾಯವ್ಯಕ್ಕೆ ಮುಖ ಮಾಡಿದೆ, ಇದು ನೈಋತ್ಯಕ್ಕೆ. ‘ಸ್ಥಾನಪಲ್ಲಟ ಎಂದರೆ ಅತಿ ಕಡಿಮೆ ದೂರ’ ಎಂದಷ್ಟೇ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ದಿಕ್ಕು ಕಳೆದುಹೋಗುತ್ತದೆ. ಉತ್ತರ ಬರೆಯುವಾಗ ಅಂಕಿಯ ಪಕ್ಕದಲ್ಲಿ ದಿಕ್ಕನ್ನೂ ಬರೆಯಿರಿ.

ಈಗ ಪಿಸುಮಾತಿನ ಲೆಕ್ಕ. ಪೂರ್ವದ ತುದಿಯಲ್ಲಿ ಪಿಸುಗುಟ್ಟಿದರೆ, ಗೋಡೆಗುಂಟ ಸಾಗುವ ಸದ್ದು ಎದುರಿನ ಕಿವಿ ಮುಟ್ಟಲು ಸುಮಾರು 60 ಮೀಟರ್ ಕ್ರಮಿಸುತ್ತದೆ. ಸದ್ದಿನ ಜವ (ದೂರ ÷ ಕಾಲ) ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ 0.176 ಸೆಕೆಂಡ್ ಸಾಕು. ಸ್ಥಾನಪಲ್ಲಟವಾದರೋ 38 ಮೀಟರ್ ಮಾತ್ರ. ಅದನ್ನು ಅಷ್ಟೇ ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಸೆಕೆಂಡಿಗೆ ಸುಮಾರು 216 ಮೀಟರ್, ಪಶ್ಚಿಮಕ್ಕೆ.