ಬ್ರಾಸ್ ಬರ್ಮಿಂಗ್‌ಹ್ಯಾಮ್: ಡೀಲಕ್ಸ್‌ಗೆ ಕೊಟ್ಟ ಹೆಚ್ಚಿನ ದುಡ್ಡು ಎಲ್ಲಿ ಹೋಯಿತು?

ಬೋರ್ಡ್ ಗೇಮ್‌ಗಳ ಡೀಲಕ್ಸ್ ಆವೃತ್ತಿ ಅಂದರೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ. ನಿಯಮ ಅದೇ, ಅಂಕ ಎಣಿಸುವ ರೀತಿ ಅದೇ, ಬೆಲೆ ಮಾತ್ರ ಏರಿರುತ್ತದೆ. ಆದರೂ ‘ಬ್ರಾಸ್: ಬರ್ಮಿಂಗ್‌ಹ್ಯಾಮ್’ ವಿಷಯದಲ್ಲಿ ಮನಸ್ಸು ತಡೆಯಲಿಲ್ಲ, ಡೀಲಕ್ಸೇ ತರಿಸಿದೆ. ಗೆಳೆಯನ ಹತ್ತಿರ ಸ್ಟ್ಯಾಂಡರ್ಡ್ ಇತ್ತು. ಶನಿವಾರ ಸಂಜೆ ಸೇರುವ ನಾವು ನಾಲ್ಕು ಜನ ಎರಡರಲ್ಲೂ ಆಡಿ ನೋಡಿದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಾರ್ಟಿನ್ ವಾಲೇಸ್ ರೂಪಿಸಿದ ‘ಬ್ರಾಸ್’ ಆಟ ಬಂದದ್ದು 2007ರಲ್ಲಿ. ಬೋರ್ಡ್ ಗೇಮ್ ಹೊರತರುವ ಕೆನಡಾದ ರಾಕ್ಸ್‌ಲಿ ಸಂಸ್ಥೆ 2018ರಲ್ಲಿ ಅದಕ್ಕೆ ಹೊಸ ರೂಪ ಕೊಟ್ಟಾಗ ಜೊತೆಗೆ ಹುಟ್ಟಿದ್ದು ಈ ಬರ್ಮಿಂಗ್‌ಹ್ಯಾಮ್. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯೇ ವಸ್ತು. 1770ರಿಂದ 1830ರವರೆಗೆ ಕಾಲುವೆ ಯುಗ, ಅಲ್ಲಿಂದ 1870ರವರೆಗೆ ರೈಲು ಯುಗ. ಡಡ್ಲಿ, ಕವೆಂಟ್ರಿ, ವುಲ್ವರ್‌ಹ್ಯಾಂಪ್ಟನ್ ಅಂತ ಊರೂರಲ್ಲಿ ಕಲ್ಲಿದ್ದಲ ಗಣಿ, ಕಬ್ಬಿಣದ ಕಾರ್ಖಾನೆ, ಹತ್ತಿ ಗಿರಣಿ ಎಬ್ಬಿಸುತ್ತಾ ಹೋಗಬೇಕು. ಸರಕು ಮಾರೋಕೆ ಹೆಚ್ಚಿನ ಸಲ ಬಿಯರ್ ಬೇಕು. ಅದು ಕೈಲಿಲ್ಲದೆ ಒದ್ದಾಡುವುದೇ ಅರ್ಧ ಆಟ.

ಎರಡು ಪೆಟ್ಟಿಗೆ ಪಕ್ಕಪಕ್ಕ ತೆರೆದಿಟ್ಟರೆ ನಕ್ಷೆ ಒಂದೇ, ನಿಯಮ ಒಂದೇ. ಕಣ್ಣಿಗೆ ಹೊಡೆಯುವ ವ್ಯತ್ಯಾಸ ದುಡ್ಡಿನದು. ಸ್ಟ್ಯಾಂಡರ್ಡ್‌ನಲ್ಲಿ ರಟ್ಟಿನ ಬಿಲ್ಲೆಗಳು, ಡೀಲಕ್ಸ್‌ನಲ್ಲಿ ‘ಐರನ್ ಕ್ಲೇಸ್’ ಅನ್ನುವ ತೂಕದ ಪೋಕರ್ ಚಿಪ್‌ಗಳು, ಅಂದರೆ ಇಸ್ಪೀಟು ಜೂಜಿನಲ್ಲಿ ದುಡ್ಡಿನ ಬದಲು ಇಡುವಂಥ ಬಿಲ್ಲೆಗಳು. ಇಷ್ಟಕ್ಕೇ ಅಷ್ಟೊಂದು ಬೆಲೆಯಾ ಅಂತ ಗೆಳೆಯ ಕೇಳಿದ. ಆಡೋಕೆ ಕೂರೋವರೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಈ ಆಟದಲ್ಲಿ ದುಡ್ಡು ಒಂದು ನಿಮಿಷ ಸುಮ್ಮನೆ ಕೂರುವುದಿಲ್ಲ. ಹದಿನೇಳು ಪೌಂಡ್ ಇಟ್ಟುಕೊಂಡು ಶುರು ಮಾಡುತ್ತೀರಿ. ಒಂದು ಕಾಲುವೆಗೆ ಮೂರು ಪೌಂಡ್, ಒಂದು ರೈಲು ಹಾದಿಗೆ ಐದು. ಬಿಯರ್ ಇದ್ದರೆ ಹದಿನೈದು ಕೊಟ್ಟು ಎರಡು ಹಾದಿ ಒಟ್ಟಿಗೇ ಹಾಕಬಹುದು. ಕೈ ಖಾಲಿಯಾದರೆ ಮೂವತ್ತರ ಸಾಲ, ಅದಕ್ಕೆ ಆದಾಯ ಮೂರು ಹಂತ ಕೆಳಗಿಳಿಯುತ್ತದೆ. ನಾಲ್ಕು ಜನ ಆಡಿದರೆ ಯುಗಕ್ಕೆ ಎಂಟು ಸುತ್ತು, ಮೊಟ್ಟಮೊದಲ ಸುತ್ತು ಬಿಟ್ಟರೆ ಸುತ್ತಿಗೆ ಎರಡೆರಡು ನಡೆ. ಅಂದರೆ ತಲಾ ಮೂವತ್ತೊಂದು ನಡೆ, ಅದರಲ್ಲಿ ಬಹುಪಾಲು ದುಡ್ಡು ಕೊಡುವುದೋ ತೆಗೆದುಕೊಳ್ಳುವುದೋ ಆಗಿರುತ್ತದೆ.

ಇನ್ನೊಂದು ಇದೆ, ಮುಖ್ಯವಾದದ್ದು. ಖರ್ಚು ಮಾಡಿದ ದುಡ್ಡನ್ನು ಕೂಡಲೇ ಬ್ಯಾಂಕಿಗೆ ಹಾಕುವ ಹಾಗಿಲ್ಲ, ಸುತ್ತು ಮುಗಿಯುವವರೆಗೆ ನಿಮ್ಮ ಪಾತ್ರದ ಚಿತ್ರದ ಮೇಲೇ ಇರಬೇಕು. ಯಾರು ಕಡಿಮೆ ಖರ್ಚು ಮಾಡಿದರೋ ಮುಂದಿನ ಸುತ್ತಲ್ಲಿ ಅವರೇ ಮೊದಲು. ಹಾಗಾಗಿ ಪಕ್ಕದವನು ಎಷ್ಟು ಸುರಿದಿದ್ದಾನೆ ಅನ್ನೋದರ ಮೇಲೇ ಕಣ್ಣು. ರಟ್ಟಿನ ಬಿಲ್ಲೆಗಳು ಚಪ್ಪಟೆಯಾಗಿ ಒಂದರ ಮೇಲೊಂದು ಜಾರಿ ಹರಡಿಕೊಳ್ಳುತ್ತವೆ. "ಎಷ್ಟಾಯ್ತೋ ನಿಂದು?" ಅಂತ ಸುತ್ತಿಗೊಮ್ಮೆಯಾದರೂ ಕೇಳಲೇಬೇಕು. ಚಿಪ್‌ಗಳು ಗೋಪುರದ ಹಾಗೆ ನಿಲ್ಲುತ್ತವೆ, ಬಣ್ಣ ಮೇಜಿನ ಆಚೆ ತುದಿಯಿಂದಲೂ ಕಾಣುತ್ತದೆ. ಕೇಳುವ ಕೆಲಸವಿಲ್ಲ. ಸುಮ್ಮನೆ ನೋಡಿ, ಎರಡು ಪೌಂಡ್ ಕಡಿಮೆ ಖರ್ಚು ಮಾಡಿ, ಮುಂದಿನ ಸುತ್ತಲ್ಲಿ ಅವನ ಮೂಗಿನ ಕೆಳಗಿಂದಲೇ ಕಬ್ಬಿಣ ಎತ್ತಿಕೊಳ್ಳಬಹುದು. ಶೋಕಿ ಅಂದುಕೊಂಡಿದ್ದು ಆಟಕ್ಕೇ ಉಪಯೋಗಕ್ಕೆ ಬಂತು.

ಕೋಡುಬಳೆ ತಿಂದ ಕೈಯಲ್ಲಿ ಮುಟ್ಟಿದರೆ ರಟ್ಟು ಎಣ್ಣೆ ಕುಡಿಯುತ್ತದೆ, ಚಿಪ್ ಒರೆಸಿದರೆ ಆಯಿತು. ಆದರೆ ಅದಕ್ಕೂ ಕಾಟಗಳಿವೆ. ಒಬ್ಬ ಯೋಚನೆ ಮಾಡುವಾಗ ಉಳಿದವರು ಅದನ್ನು ಟಕಟಕ ಅನ್ನಿಸುತ್ತಲೇ ಇರುತ್ತಾರೆ. ನಮ್ಮಮ್ಮ ಅಡುಗೆಮನೆಯಿಂದ ಬಂದು ನೋಡಿ, "ಮನೇಲಿ ಜೂಜು ಶುರು ಮಾಡ್ಕೊಂಡ್ರೇನ್ರೋ?" ಅಂದರು. ಕಲ್ಲಿದ್ದಲು, ಕಾಲುವೆ ಅಂತ ವಿವರಿಸಿದ್ದು ಅವರಿಗೆ ಅಷ್ಟಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಬರ್ಮಿಂಗ್‌ಹ್ಯಾಮ್‌ಗೆ ಭಾರದ ದುಡ್ಡು ಒಪ್ಪುತ್ತದೆ ಅನ್ನೋಕೆ ಚರಿತ್ರೆಯ ಕಾರಣವೂ ಉಂಟು. ಮ್ಯಾಥ್ಯೂ ಬೋಲ್ಟನ್ ಅನ್ನುವ ಉದ್ಯಮಿ ಅಲ್ಲಿನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ನಾಣ್ಯ ಅಚ್ಚು ಹಾಕಿಸುತ್ತಿದ್ದರು. 1797ರ ಅವರ ತಾಮ್ರದ ಪೆನ್ನಿ ಒಂದು ಔನ್ಸ್ ತೂಗುತ್ತಿತ್ತು, ಜನ ಅದನ್ನು ಗಾಡಿ ಚಕ್ರ ಅಂತಲೇ ಕರೆದರು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯಕ್ಕೆ ತರಿಸಿದ 1803ರ ಇಪ್ಪತ್ತು ಕಾಸಿನ ನಾಣ್ಯವೂ ಅಲ್ಲಿಯದೇ.

ಯಾವುದು ಕೊಳ್ಳೋದು ಅಂತ ಕೇಳುವವರಿಗೆ ನಾನು ಹೇಳೋದು: ಸ್ಟ್ಯಾಂಡರ್ಡ್ ಕೊಳ್ಳಿ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಡೀಲಕ್ಸ್ ಜೇಬಿಗೆ ಭಾರವಾಗುತ್ತದೆ. ಅಂಕಿ ಮುದ್ರಿಸಿದ ಸಾಧಾರಣ ಪೋಕರ್ ಚಿಪ್ ಸೆಟ್ ಬೇರೆಯಾಗಿ ಕೊಂಡರೂ ಕೆಲಸ ನಡೆಯುತ್ತದೆ. ನಕ್ಷೆ ತೀರಾ ಕಪ್ಪು ಅನ್ನಿಸಿದರೆ ಮೇಜಿನ ಮೇಲೆ ಒಳ್ಳೆಯ ದೀಪ ಹಾಕಿಕೊಳ್ಳಿ. ನನ್ನ ಚಿಪ್‌ಗಳು ಈಗ ‘ಪವರ್ ಗ್ರಿಡ್’ ಅನ್ನುವ ಇನ್ನೊಂದು ಬೋರ್ಡ್ ಗೇಮ್ ಆಡುವಾಗಲೂ ಹೊರಬರುತ್ತವೆ. ಅದರ ಕಾಗದದ ನೋಟುಗಳ ದೆಸೆಯಿಂದ ನಾವು ಬೇಸಗೆಯಲ್ಲೂ ಫ್ಯಾನ್ ಆರಿಸಿ ಕೂರುತ್ತಿದ್ದೆವು.