ಕಾಡುಪ್ರಾಣಿಗಳ ಬಗ್ಗೆ ಮಕ್ಕಳ ಕೈಯಲ್ಲಿ ಕರಪತ್ರ ಬರೆಸಿದ್ದು

ಐದನೇ ಕ್ಲಾಸಿನ ಮಕ್ಕಳಿಗೆ ಪ್ರಾಣಿ ಬಗ್ಗೆ ಬರೀರಿ ಅಂದ್ರೆ ಸಿಂಹ ಕಾಡಿನ ರಾಜ ಅಂತ ಶುರು ಮಾಡ್ತಾರೆ, ಅದು ಬಾಯಿಪಾಠ, ಅವರದ್ದಲ್ಲ. ಹಾಗಾಗಿ ನಾನು ಎರಡು ಕಂಡೀಷನ್ ಹಾಕಿದೆ. ಪ್ರಾಣಿ ನಮ್ಮ ಕಾಸರಗೋಡಿನಲ್ಲೇ ಇರುವಂಥದ್ದು ಆಗ್ಬೇಕು, ಮತ್ತೆ ಕರಪತ್ರ ಯಾರ ಕೈಗೆ ಕೊಡ್ಲಿಕ್ಕೆ ಅಂತ ಬರೆಯುವ ಮೊದಲೇ ಹೇಳ್ಬೇಕು. ಎರಡನೇದೇ ಜಾಸ್ತಿ ಮುಖ್ಯ, ಓದುವವರು ಯಾರು ಅಂತ ಗೊತ್ತಾದ್ರೆ ಏನು ಬರೀಬೇಕು ಅಂತ ಮಕ್ಕಳಿಗೆ ತನ್ನಿಂತಾನೇ ಗೊತ್ತಾಗ್ತದೆ.

ಮುಳ್ಳುಹಂದಿ ತಗೊಂಡ ಗುಂಪು ತೋಟದವರಿಗೆ ಅಂತ ಹೇಳಿತು, ಕಂಗಿನ (ಅಡಿಕೆ) ಸಸಿ ತೆಂಗಿನ ಸಸಿ ಎಲ್ಲ ಅದು ಕಡಿದು ಹಾಕ್ತದಲ್ಲಾ. ಒಂದೊಂದು ವಿಷಯ ಒಂದೊಂದು ಚೀಟಿಯಲ್ಲಿ ಬರೆದು ಹಿಂದೆ ‘ನೋಡಿದ್ದು’, ‘ಕೇಳಿದ್ದು’, ‘ಓದಿದ್ದು’ ಅಂತ ಹಾಕ್ಲಿಕ್ಕೆ ಹೇಳಿದೆ. ಮನೆಯಲ್ಲಿ ತುಳುವಲ್ಲೋ ಮಲಯಾಳದಲ್ಲೋ ಕೇಳ್ಕೊಂಡು ಬಂದು ಇಲ್ಲಿ ಕನ್ನಡದಲ್ಲಿ ಬರೆದ್ರು. ಮುಳ್ಳುಹಂದಿ ದೂರದಿಂದ ಮುಳ್ಳು ಬಿಡ್ತದೆ ಅಂತ ಒಬ್ಬ ಬರೆದಿದ್ದ, "ಟೀಚರೇ, ಅಜ್ಜ ಹೇಳಿದ್ದು" ಅಂದ. ಲೈಬ್ರರಿ ಪುಸ್ತಕ ತೆಗೆದು ನೋಡಿದ್ರು, ಅದು ಮುಳ್ಳು ಎಸೆಯುವುದಿಲ್ಲ, ಮುಳ್ಳು ನಿಮಿರಿಸಿ ಗಲಗಲ ಶಬ್ದ ಮಾಡಿ ಹಿಂದಕ್ಕೆ ನುಗ್ಗಿ ಚುಚ್ತದೆ, ಆಗ ಸಡಿಲ ಇದ್ದ ಮುಳ್ಳು ಉದುರಿ ನಾಯಿ ಮೈಯಲ್ಲಿ ಉಳೀತದೆ, ಹೋದ ಜಾಗದಲ್ಲಿ ಪುನಃ ಹುಟ್ತದೆ. ಅಜ್ಜನ ಚೀಟಿ ಬಿಸಾಡ್ಲಿಕ್ಕೆ ನಾನು ಬಿಡ್ಲಿಲ್ಲ, ‘ಜನ ಹೇಳುವುದು, ನಿಜ ಏನು’ ಅಂತ ಒಂದು ಹೆಡ್ಡಿಂಗ್ ಮಾಡಿ ಅಲ್ಲೇ ಸೇರಿಸಿದೆವು. ಆಮೇಲೆ ಎಲ್ಲಾ ಗುಂಪಿನವರಿಗೂ ಆ ಹೆಡ್ಡಿಂಗ್ ಬೇಕಾಯ್ತು.

ಚಿಪ್ಪುಹಂದಿ ಗುಂಪಿನಲ್ಲಿ ಒಬ್ಬಳ ಚೀಟಿಯಲ್ಲಿ "ಪಾಪ, ಅದು ಹೆದರಿ ಅಳ್ತದೆ" ಅಂತ ಇತ್ತು. ಮರುಕ ಒಳ್ಳೇದೇ, ಆದ್ರೆ ಇದು ಕಥೆ ಅಲ್ಲ. ಹೆದರಿದಾಗ ಅದು ಏನು ಮಾಡುದು ಹುಡುಕು ಅಂದೆ. ಉಂಡೆ ಆಗಿ ಸುತ್ತಿಕೊಳ್ತದೆ, ಚಿಪ್ಪು ನಮ್ಮ ಉಗುರಿನ ಹಾಗೆ ಕೆರಾಟಿನ್‌ನದ್ದು, ಹಲ್ಲಿಲ್ಲ, ಇರುವೆ ಗೆದ್ದಲು ನಾಲಗೆಯಲ್ಲೇ ಹಿಡಿದು ತಿನ್ನುದು ಅಂತ ಬರೆದ್ಲು, ಅದನ್ನು ಓದುವಾಗ ಮರುಕ ತನ್ನಷ್ಟಕ್ಕೇ ಬರ್ತದೆ.

ನನಗೆ ತುಂಬಾ ಇಷ್ಟ ಆದದ್ದು ಆಮೆಯದ್ದು. ಚಂದ್ರಗಿರಿ ಹೊಳೆಯಲ್ಲಿ ಕ್ಯಾಂಟರ್ಸ್ ಅಂತ ಮೆದುಚಿಪ್ಪಿನ ದೈತ್ಯ ಆಮೆ ಉಂಟು, ಹೆಚ್ಚಿನ ಹೊತ್ತು ಮರಳಲ್ಲಿ ಹೂತುಕೊಂಡೇ ಇರ್ತದೆ, ಅಳಿವಿನ ಅಂಚಿನಲ್ಲಿರುವ ಪ್ರಾಣಿ, 2023ರಲ್ಲಿ ನಮ್ಮ ಜಿಲ್ಲೆಯ ಅಧಿಕೃತ ಪ್ರಾಣಿ ಅಂತ ಘೋಷಣೆ ಆದದ್ದು ಇದೇ. ಮಕ್ಕಳು ಅದನ್ನು ಬರೆದದ್ದು ಹೊಳೆಯಲ್ಲಿ ಗಾಳ ಹಾಕುವವರಿಗೆ, ಸಿಕ್ಕಿದ್ರೆ ಕೊಲ್ಲಬೇಡಿ, ಅರಣ್ಯ ಇಲಾಖೆಗೆ ತಿಳಿಸಿ ಅಂತ. ಅವರಲ್ಲಿ ಸುಮಾರು ಜನ ಮಲಯಾಳ ಮಾತ್ರ ಓದುವವರು ಅಂತ ಒಬ್ಬಳಿಗೆ ಹೊಳೀತು, ಹಾಗೆ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಮಾಡಿದೆವು.

ಕಾಗದ ಬರೀ ಎ4, ಮೂರು ಮಡಿಕೆ. ಮೊದಲು ಹೆಡ್ಡಿಂಗ್‌ಗಳನ್ನು ಮಾತ್ರ ಹಾಕಿಸಿ, ಚಿತ್ರಕ್ಕೆ ಜಾಗ ಬಿಡಿಸಿ, ಆಮೇಲೆ ಚೀಟಿಗಳನ್ನು ಅಲ್ಲಲ್ಲಿ ಇಟ್ಟು ನೋಡಿ ಬರೆಸಿ. ಬಣ್ಣ ಬೇಡ, ಕಪ್ಪು ಪೆನ್ನಿನ ಗೆರೆ ಚಿತ್ರ ಆದ್ರೆ ಜೆರಾಕ್ಸ್ ಚೆನ್ನಾಗಿ ಬರ್ತದೆ.